ಬೀಜೋಕ್ತಿಯನ್ನು ‘ಸಂಕ್ಷೇಪಿಸಿ’ ಅನ್ನಬೇಕೋ ‘ಸುಲಭರೂಪಕ್ಕೆ ತನ್ನಿ’ ಅನ್ನಬೇಕೋ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಏಳನೇ ತರಗತಿಗೆ ಬೀಜೋಕ್ತಿಯ ಗೋಡೆಪಟ ಮಾಡುತ್ತಿದ್ದೇವೆ. ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ಲೆಕ್ಕ ಇದು: 3ಎಕ್ಸ್ + 5 + 2ಎಕ್ಸ್ − 1. ಮೊದಲು ಸಿಂಪ್ಲಿಫೈ, ಆಮೇಲೆ ಎಕ್ಸ್ = 2 ಆದಾಗ ಇವ್ಯಾಲ್ಯುಯೇಟ್. ಅನುವಾದದ ಆ್ಯಪ್ ‘ಸರಳಗೊಳಿಸಿ ಮತ್ತು ಮೌಲ್ಯಮಾಪನ ಮಾಡಿ’ ಅಂತ ಕೊಟ್ಟಿದೆ. ಯಾಕೋ ಹಿಡಿಸಲಿಲ್ಲ. ‘ಸಂಕ್ಷೇಪಿಸಿ’ ಆಗಬಹುದಾ?

ಮರು:
ಮೌಲ್ಯಮಾಪನ ಬೇಡವೇ ಬೇಡ. ಅದು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗೆ ಮೇಷ್ಟ್ರುಗಳು ಮಾಡುವಂಥದ್ದು. ಲೆಕ್ಕದಲ್ಲಿ ‘ಬೆಲೆ ಕಂಡುಹಿಡಿಯಿರಿ’. ಇದರಲ್ಲಿ ಚರ್ಚೆಯೇ ಇಲ್ಲ.

‘ಸಂಕ್ಷೇಪಿಸಿ’ ಬಳಕೆಯಲ್ಲಿದೆ, ನನಗೆ ಒಪ್ಪಿಗೆಯಿಲ್ಲ. ಸಂಕ್ಷೇಪ ಅಂದರೆ ಚಿಕ್ಕದು ಮಾಡುವುದು. (ಎಕ್ಸ್ + 1)(ಎಕ್ಸ್ + 2) ಅನ್ನು ಗುಣಿಸಿದರೆ ಎಕ್ಸ್ ವರ್ಗ + 3ಎಕ್ಸ್ + 2 ಬರುತ್ತದೆ. ಚಿಕ್ಕದಾಯಿತಾ? ‘ಸುಲಭರೂಪಕ್ಕೆ ತನ್ನಿ’ ಅಂತಲೇ ಹಾಕಿ.

ಪಟದಲ್ಲಿ ಸಜಾತೀಯ ಪದಗಳನ್ನು ಒಂದು ಕಡೆ ತನ್ನಿ: 3ಎಕ್ಸ್ + 2ಎಕ್ಸ್ = 5ಎಕ್ಸ್, 5 − 1 = 4. ಸುಲಭರೂಪ 5ಎಕ್ಸ್ + 4. ಎಕ್ಸ್‌ಗೆ 2 ಆದೇಶಿಸಿದರೆ 14. ಆವರಣ ಮಾತ್ರ ಮರೆಯಬೇಡಿ, 5(2) + 4 ಅಂತಲೇ ಬರೆಯಿರಿ. ಇಲ್ಲದಿದ್ದರೆ ಮಕ್ಕಳು ಎಕ್ಸ್ ಅಳಿಸಿ ಅಲ್ಲೇ 2 ಬರೆದು, 52 + 4 ಮಾಡಿ, 56 ಅನ್ನುತ್ತಾರೆ.

ಮರು:
‘ಆದೇಶಿಸಿ’ನಾ? ಯಾರು ಯಾರಿಗೆ ಆದೇಶ ಕೊಡುವುದು ಮೇಷ್ಟ್ರೇ, ಇದೇನು ಡಿ.ಸಿ. ಆಫೀಸಾ? ‘ಬದಲು 2 ಹಾಕಿ’ ಅನ್ನಿ. ‘ಸಜಾತೀಯ’ ಯಾಕೆ, ‘ಒಂದೇ ಬಗೆಯ’ ಸಾಲದಾ? ಬೀಜೋಕ್ತಿಯಂತೂ ಸಂಸ್ಕೃತದ ಮೂಟೆ. ಮೊದಲು ಆ ಎಕ್ಸ್ ತೆಗೆದು ‘ಅ’ ಹಾಕಿ. ಕನ್ನಡದ ಪಟಕ್ಕೆ ಇಂಗ್ಲಿಷ್ ಅಕ್ಷರ ಯಾಕೆ?

ಮರು:
ಸಂಧಿ ಪಾಠ ಮರೆತಿರಾ? ಮಳೆ + ಕಾಲ ಸೇರಿ ಮಳೆಗಾಲ ಆಗುವಾಗ ‘ಕ’ ಜಾಗಕ್ಕೆ ‘ಗ’ ಬರುತ್ತದೆ. ಅದಕ್ಕೇ ಆದೇಶ ಸಂಧಿ ಅನ್ನುವುದು. ಎಕ್ಸ್ ಜಾಗಕ್ಕೆ 2 ಬಂದರೂ ಅದೇ ಆದೇಶ. ಡಿ.ಸಿ.ಗೂ ಇದಕ್ಕೂ ಸಂಬಂಧವಿಲ್ಲ.

ಎಕ್ಸ್ ಇಂಗ್ಲಿಷರ ಸ್ವತ್ತೂ ಅಲ್ಲ. ಗೊತ್ತಿಲ್ಲದ ಬೆಲೆಗೆ ಎಕ್ಸ್, ವೈ, ಝಡ್ ಬರೆಯುವುದನ್ನು 1637ರಲ್ಲಿ ರೂಢಿಗೆ ತಂದವನು ಫ್ರಾನ್ಸಿನ ಡೆಕಾರ್ಟ್. ರಷ್ಯಾದ ಮಕ್ಕಳೂ ಅದನ್ನೇ ಬರೆಯುತ್ತಾರೆ. ನಮ್ಮದೇ ಬೇಕು ಅಂದರೆ 12ನೇ ಶತಮಾನದ ಭಾಸ್ಕರಾಚಾರ್ಯರ ಹತ್ತಿರ ಹೋಗಿ. ಮೊದಲ ಅವ್ಯಕ್ತಕ್ಕೆ ‘ಯಾವತ್ತಾವತ್’, ಚಿಕ್ಕದಾಗಿ ‘ಯಾ’. ಮುಂದಿನವಕ್ಕೆ ಬಣ್ಣದ ಹೆಸರು: ಕಪ್ಪಿಗೆ ಕಾಲಕ, ‘ಕಾ’, ನೀಲಿಗೆ ನೀಲಕ, ‘ನೀ’. ಎಷ್ಟು ಚೆಂದ ಅಲ್ವಾ? ಆದರೆ ಅದೂ ಸಂಸ್ಕೃತ. ನಿಮಗೆ ಆಗಿಬರುವುದಿಲ್ಲ ಬಿಡಿ.

ಮರು:
ಆಗಿಬರುವುದಿಲ್ಲ, ನಿಜ. ಕನ್ನಡದಲ್ಲಿ ‘ಬಗೆ’, ‘ಬದಲು’, ‘ಬೆಲೆ’ ಇರುವಾಗ ಸಂಧಿ ಪಾಠ ಓದಿಕೊಂಡು ಬಂದು ಲೆಕ್ಕ ಮಾಡು ಅನ್ನುವುದು ಯಾವ ನ್ಯಾಯ? ಏಳನೇ ತರಗತಿ ಹುಡುಗಿ ಆದೇಶ ಅಂದರೆ ಹುಕುಂ ಅಂತಲೇ ತಿಳಿಯುತ್ತಾಳೆ.

ಮರು:
ಹುಕುಂ ಅರಬ್ಬಿಯಿಂದ ಬಂದದ್ದು. ಸುಮ್ನೆ ನೆನಪಿಸಿದೆ.

ಮರು:
ಇಬ್ಬರಿಗೂ ಥ್ಯಾಂಕ್ಸ್. ‘ಸುಲಭರೂಪಕ್ಕೆ ತನ್ನಿ. ಎಕ್ಸ್ ಬದಲು 2 ಹಾಕಿ ಬೆಲೆ ಕಂಡುಹಿಡಿಯಿರಿ’ ಅಂತ ಕೊಟ್ಟಿದ್ದೇನೆ. ಆವರಣ ಕೆಂಪು ಬಣ್ಣದಲ್ಲಿದೆ. ‘ಸಜಾತೀಯ’ ಹಾಗೇ ಉಳಿಸಿದೆ, ಮಕ್ಕಳ ಪುಸ್ತಕದಲ್ಲಿ ಅದೇ ಇದೆ. ಇನ್ನು 5ಎಕ್ಸ್‌ನಲ್ಲಿರುವ 5ಕ್ಕೆ ಏನನ್ನೋಣ, ಸಹಗುಣಕವೋ ಸಹಾಂಕವೋ? ಇದು ನಾಳೆಗೆ ಬೇಕು, ದಯವಿಟ್ಟು ಚಿಕ್ಕದಾಗಿ ಹೇಳಿ.