ಹಳೇ ಕಾರಿಗೆ ಬೈಕಿನ ಕಣ್ಣು: ಮನೆ ಗುಂಪಿನ ಜಗಳ

ತಮ್ಮ: ಎಲ್ಲರೂ ಈ ವಿಡಿಯೋ ನೋಡಿ. ಕಾರಿನ ಹೆಡ್‌ಲೈಟ್ ಕಿತ್ತು ಬೈಕಿನ ಎಲ್‌ಇಡಿ ಲೈಟ್ ಕೂರಿಸಿದ್ದಾರೆ. ನಮ್ಮ ಹಳೇ ಕಾರಿಗೂ ಹೀಗೇ ಮಾಡಿಸೋಣ ಅಂತಿದ್ದೇನೆ.

ಭಾವ: ಸೂಪರ್ ಕಣೋ! ಕಾರಿಗೆ ಹೊಸ ಕಳೆ ಬರುತ್ತೆ.

ಅಕ್ಕ: ಕಾರಿಗೆ ಕಳೆ ಬರುತ್ತೆ, ಎದುರಿಗೆ ಬರುವವರ ಕಣ್ಣು ಹೋಗುತ್ತೆ. ಈಗಲೇ ರಾತ್ರಿ ಕಾರು ಓಡಿಸೋದು ಸಾಕಾಗಿದೆ ನನಗೆ.

ತಮ್ಮ: ಅಕ್ಕ, ಈಗಿರುವ ಲೈಟಿನಲ್ಲಿ ಏನೂ ಕಾಣುವುದಿಲ್ಲ. ಗಾಜು ಹಳದಿ ತಿರುಗಿದೆ.

ನಾನು: ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಹಾಗಾಗುತ್ತದೆ. ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ಕೋಟಿಂಗ್ ಕೊಡು. ಎಷ್ಟು ಬದಲಾಗುತ್ತದೆ ನೋಡು. ಆಮೇಲೆ ಹೊಸ ಲೈಟಿನ ಮಾತು.

ತಮ್ಮ: ಅಣ್ಣ, ಅದರಲ್ಲಿ ಮಜಾ ಏನಿದೆ?

ಭಾವ: ಬೈಕ್ ಲೈಟ್ ಕಾರಿಗೆ ಆಗಲ್ಲ ಅಂತ ಯಾರು ಹೇಳಿದ್ದು? ಹಾರ್ಲೆ ಬೈಕಿಗೆ ಬರುವ 7 ಇಂಚಿನ ದುಂಡು ಲೈಟ್ ಹಳೇ ಜೀಪ್ ರ‍್ಯಾಂಗ್ಲರ್‌ಗೂ ಕೂರುತ್ತದೆ.

ನಾನು: ನಿಜ ಭಾವ. ಆದರೆ 7 ಇಂಚಿನ ಸೀಲ್ಡ್ ಬೀಮ್, ಅಂದರೆ ಬಲ್ಬು, ಗಾಜು ಎಲ್ಲ ಒಂದೇ ತುಂಡಾದ ಲೈಟು, 1940ರಲ್ಲೇ ಅಮೆರಿಕದ ಕಾರುಗಳಿಗೆ ಮಾಮೂಲಿ ಆಗಿತ್ತು. ಅದು ಕಾರಿಗೂ ಹೊಂದುವ ಅಳತೆ. ನಮ್ಮ ಕಾರಿನ ಲೈಟು ದುಂಡಗೆ ಎಲ್ಲಿದೆ? ಬಂಪರ್ ಕೊಯ್ದು ಬ್ರಾಕೆಟ್ ಮಾಡಿಸಬೇಕು. ಆ ಬ್ರಾಕೆಟ್ಟಿಗೆ ಮೇಲೆ ಕೆಳಗೆ ಸರಿಮಾಡುವ ಸ್ಕ್ರೂ ಇರಬೇಕು. ವಿಡಿಯೋದಲ್ಲಿ ನಟ್ಟು ಬಿಗಿದು ಬಿಟ್ಟಿದ್ದಾರೆ, ಅಷ್ಟೇ.

ಚಿಕ್ಕಪ್ಪ: ಅದು ಮುಖ್ಯ ಕಣಪ್ಪ. ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ ಡಿಮ್ ಹಾಕು. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಆದರೂ ಕೆಳಗೆ ಬೀಳಬೇಕು. ಅದಕ್ಕಿಂತ ಮೇಲೆ ಬಿದ್ದರೆ ಅಕ್ಕ ಹೇಳಿದ ಹಾಗೇ ಆಗುತ್ತೆ.

ತಮ್ಮ: ಚಿಕ್ಕಪ್ಪ, ಸ್ಕ್ರೂ ಹಾಕಿಸ್ತೀನಿ. ಇನ್ನೇನು ತೊಂದರೆ?

ನಾನು: ಬೆಳಕಿನ ಆಕಾರ. ಕಾರಿನ ಡಿಮ್ ಬೆಳಕು ಎದುರಿನವರ ಕಡೆ ಚಪ್ಪಟೆ, ರಸ್ತೆಯಂಚಿನ ಕಡೆ ಮಾತ್ರ ಸ್ವಲ್ಪ ಮೇಲೇರುತ್ತದೆ. ಅಂಚಿನಲ್ಲಿ ನಡೆಯುವವರು ದೂರದಿಂದಲೇ ಕಾಣಲಿ ಅಂತ. ಎಷ್ಟೋ ಬೈಕ್ ಲೈಟುಗಳದ್ದು ಎರಡೂ ಕಡೆ ಸಮ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಹಿಂದೆ ಇವಕ್ಕೆ ನಂಬರೇ ಬೇರೆ ಇತ್ತು: ಒಂದು ಕಡೆ ಮೇಲೇರುವುದು 112, ಸಮ ಇರುವುದು 113. ದೊಡ್ಡ ಬೈಕಿಗೆ 112 ಕೂಡ ಬರುತ್ತದೆ, ಅದು ಬೇರೆ ಮಾತು. ನೀನು ಕಳಿಸಿದ್ದು ಯಾವುದು ಅಂತ ಲೈಟಿನ ಮೇಲಿನ ಗುರುತು ಓದದೆ ಹೇಳಲಾಗದು.

ತಮ್ಮ: ಆದರೆ ವಿಡಿಯೋದಲ್ಲಿ ಬೆಳಕು ಎಷ್ಟು ಜಾಸ್ತಿ ಇದೆ ನೋಡು!

ನಾನು: ಎಲ್ಲಿ ಜಾಸ್ತಿ? ಬಾನೆಟ್ ಮುಂದೆ. ಹತ್ತಿರದ ನೆಲ ಹೊಳೆದಷ್ಟೂ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದೂರದ್ದು ಇನ್ನೂ ಕತ್ತಲೆ ಅನ್ನಿಸುತ್ತದೆ.

ಅಕ್ಕ: ನಾನೂ ವಿಡಿಯೋ ನೋಡಿದೆ. ಡಿಮ್ ಹಾಕಿದಾಗ ಒಂದೇ ಲೈಟ್ ಉರಿಯುತ್ತಿದೆಯಲ್ಲ?

ನಾನು: ಅಕ್ಕ, ನಾನು ಅದನ್ನು ಗಮನಿಸಿರಲಿಲ್ಲ! ಜೋಡಿ ಲೈಟಿನ ಎಷ್ಟೋ ಬೈಕುಗಳಲ್ಲಿ ಒಂದು ಡಿಮ್‌ಗೆ, ಇನ್ನೊಂದು ಹೈಬೀಮ್‌ಗೆ. ಆ ಜೋಡಿಯನ್ನು ಬಿಡಿಸಿ ಕಾರಿನ ಎಡಕ್ಕೊಂದು ಬಲಕ್ಕೊಂದು ಹಾಕಿದ್ದಾರೆ. ಡಿಮ್‌ನಲ್ಲಿ ಕಾರು ಒಕ್ಕಣ್ಣ. ಎದುರಿನವನು ಬೈಕು ಬರುತ್ತಿದೆ ಅಂದುಕೊಂಡು ಪಕ್ಕದಲ್ಲೇ ನುಗ್ಗುತ್ತಾನೆ.

ಭಾವ: ಹಾಗಾದರೆ ಎರಡು ಜೋಡಿ ತಗೊಂಡರಾಯ್ತು. ತಂತಿ ಜೋಡಿಸೋದು ಏನು ಮಹಾ.

ನಾನು: ಭಾವ, ಸಣ್ಣ ಬೈಕಿನ ಬಲ್ಬ್ ಎಷ್ಟೋ ಕಡೆ 35/35 ವ್ಯಾಟ್. ಕಾರಿನ ಎಚ್4 ಬಲ್ಬ್ 60/55. ಬೈಕಿನದನ್ನು ತಂದರೆ ಇರುವ ಬೆಳಕೂ ಹೋಯಿತು. ಎಲ್‌ಇಡಿಯ ಕತೆ ಬೇರೆ. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ನೆಗೆಟಿವ್ ಕಡೆ, ಅಲ್ಲಿ ಸಾದಾ ಎಲ್‌ಇಡಿ ಉರಿಯದೇ ಇರಬಹುದು. ಹೊಸ ಕಾರಾದರೆ ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದನ್ನು ನೋಡಿ ಬಲ್ಬ್ ಹೋಗಿದೆ ಅಂತ ಕಂಪ್ಯೂಟರ್ ಗೋಳಾಡುತ್ತದೆ. ಅದಕ್ಕೆ ಕರೆಂಟ್ ಹೆಚ್ಚು ಎಳೆಯಲಿ ಅಂತ ರೆಸಿಸ್ಟರ್ ಹಾಕುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಕೆಲಸ ಕೆಟ್ಟಿತು.

ಚಿಕ್ಕಪ್ಪ: ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು ಇದನ್ನೇ.

ತಮ್ಮ: ಸರಿ, ಹೆಡ್‌ಲೈಟ್ ಮುಟ್ಟುವುದಿಲ್ಲ. ಬೈಕ್ ಲೈಟನ್ನು ಬಂಪರ್ ಮೇಲೆ ಎಕ್ಸ್‌ಟ್ರಾ ಹಾಕಲಾ?

ನಾನು: ಕಾನೂನು ಒಪ್ಪಿದರೆ ಹಾಕು. ಹೈಬೀಮ್ ತಂತಿಯಿಂದ ರಿಲೇ (ಕರೆಂಟಿನಿಂದಲೇ ಓಡುವ ಸ್ವಿಚ್) ಓಡಿಸು. ಡಿಮ್ ಮಾಡಿದ ಕೂಡಲೇ ಅದೂ ಆರಬೇಕು. ಬೇರೆ ಸ್ವಿಚ್ ಇಟ್ಟರೆ ನೀನು ಆರಿಸುವವನಲ್ಲ, ನನಗೆ ಗೊತ್ತು.

ಅಕ್ಕ: ರೀ, ಅವನನ್ನು ಹುರಿದುಂಬಿಸೋದು ನಿಲ್ಲಿಸಿ ನೀವು ಮೊದಲು.

ಭಾವ: ನಾನೇನೂ ಹೇಳಲೇ ಇಲ್ಲವಲ್ಲ! ರಿಲೇ ಮಾತ್ರ ನನ್ನ ಹತ್ತಿರ ಒಂದು ಸುಮ್ನೆ ಬಿದ್ದಿದೆ, ಬೇಕಾದರೆ ಬಂದು ತಗೊಂಡು ಹೋಗಲಿ.