ದೊಡ್ಡಪ್ಪನ ಫಾರ್ವರ್ಡ್, ಡೊನೆಗಲ್‌ನ ಬಂಗಡೆ

ದೊಡ್ಡಪ್ಪ: ಐರ್ಲೆಂಡಿನ ಪಕ್ಷೇತರ ಸಂಸದನೊಬ್ಬ ಇಡೀ ಯುರೋಪನ್ನು ಕೋರ್ಟಿನಲ್ಲಿ ಸೋಲಿಸಿದ! ತನ್ನ ದೇಶದಲ್ಲಿ ಪೆಟ್ರೋಲನ್ನೇ ನಿಷೇಧಿಸಿದ!! ಹತ್ತು ಜನರಿಗೆ ಕಳುಹಿಸಿ.

ಅಕ್ಕ: ದೊಡ್ಡಪ್ಪ, ನಾನು ಇರುವುದೇ ಡೊನೆಗಲ್‌ನಲ್ಲಿ. ಇವರು ಥಾಮಸ್ ಪ್ರಿಂಗಲ್, ಕಿಲ್ಲಿಬೆಗ್ಸ್ ಬಂದರಿನವರು. ಸೋಲಿಸಲಿಲ್ಲ, ಸೋತರು. ಯುರೋ ದೇಶಗಳನ್ನು ಸಾಲದಿಂದ ಎತ್ತುವ ನಿಧಿಯ ಒಪ್ಪಂದವನ್ನು ಪ್ರಶ್ನಿಸಿದ್ದರು. 2012ರ ನವೆಂಬರ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಯುರೋಪ್ ಒಕ್ಕೂಟದ ನ್ಯಾಯಾಲಯ 27 ನ್ಯಾಯಮೂರ್ತಿಗಳ ಪೂರ್ಣಪೀಠವನ್ನೇ ಕೂರಿಸಿ, ಒಪ್ಪಂದ ಸರಿಯಾಗಿದೆ ಎಂದಿತು. ಇನ್ನು ಪೆಟ್ರೋಲ್, ಇವತ್ತು ಬೆಳಿಗ್ಗೆ ತಾನೇ ಕಾರಿಗೆ ತುಂಬಿಸಿಕೊಂಡು ಬಂದೆ.

ಭಾವ: ಅಂದರೆ ಎರಡೂ ಸುಳ್ಳು. ಅಳಿಸಿಬಿಡಿ.

ದೊಡ್ಡಪ್ಪ: ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ.

ಅಕ್ಕ: ಬೆಂಕಿ ಇದೆ, ಅದನ್ನು ಹೇಳಲು ಬಿಡಿ. ಕಲ್ಲಿದ್ದಲು, ತೈಲ, ಅನಿಲದ ಕಂಪನಿಗಳಲ್ಲಿ ಸರ್ಕಾರಿ ಹೂಡಿಕೆ ನಿಧಿ ಇಟ್ಟಿದ್ದ ಹಣವನ್ನು ಹಿಂತೆಗೆಯಬೇಕು ಎಂದು ಅವರು ಮಸೂದೆ ತಂದರು. ಸುಮಾರು 30 ಕೋಟಿ ಯುರೋ ಮಾತು. 2017ರ ಜನವರಿಯಲ್ಲಿ ಸರ್ಕಾರದ ವಿರೋಧವಿದ್ದರೂ 90–53 ಮತಗಳಿಂದ ಅದು ಮೊದಲ ಹೊಸ್ತಿಲು ದಾಟಿತು, 2018ರಲ್ಲಿ ಕಾನೂನಾಯಿತು. ಇಂಥ ನಿರ್ಧಾರ ಕೈಗೊಂಡ ಮೊದಲ ದೇಶ ಐರ್ಲೆಂಡ್.

ಭಾವ: ಅದು ಡಬ್ಲಿನ್‌ನ ಲೆಕ್ಕಪುಸ್ತಕ. ಬಂದರಿನವರಿಗೆ ಏನು ಸಿಕ್ಕಿತು? ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಿದ್ದಾಗ ಐರ್ಲೆಂಡ್ ತಾನು ಹಿಡಿಯಬಹುದಾದ ಮೀನಿನ ಪಾಲಿನ ಬೆಲೆಯಲ್ಲಿ ಶೇ 15ರಷ್ಟನ್ನು ಕಳೆದುಕೊಂಡಿತು. ಆಗ ನಿಮ್ಮ ಸದಸ್ಯರು ಏನು ಮಾಡಿದರು?

ಅಕ್ಕ: ಅದರಲ್ಲಿ ದೊಡ್ಡ ಏಟು ಬಿದ್ದದ್ದು ಮ್ಯಾಕೆರೆಲ್‌ಗೆ, ನಮ್ಮ ಬಂಗಡೆಯ ದಾಯಾದಿ. ಕಿಲ್ಲಿಬೆಗ್ಸ್‌ನ ದೊಡ್ಡ ಟ್ರಾಲರುಗಳು ಬದುಕುವುದೇ ಅದರ ಮೇಲೆ. ಪಾಲನ್ನು ನಿರ್ಧರಿಸುವುದು ಬ್ರಸೆಲ್ಸ್, ಅಂದರೆ ಯುರೋಪ್ ಒಕ್ಕೂಟ. ಕೆಳಮನೆಯ ಒಬ್ಬ ಪಕ್ಷೇತರ ಎದ್ದು ನಿಂತು ಕೇಳಬಹುದು, ಮತ್ತೆ ಮತ್ತೆ ಕೇಳಬಹುದು. ಅದನ್ನು ಅವರು ಮಾಡಿದರು.

ಅತ್ತೆ: ಆ ಬಂಗಡೆಯಿಂದ ಗಸಿ ಮಾಡಬಹುದೇ?

ಭಾವ: ಕೇಳಿದ ಮಾತ್ರಕ್ಕೆ ಬಲೆ ತುಂಬುವುದಿಲ್ಲ. ಅದಕ್ಕೇ 2024ರ ಚುನಾವಣೆಯಲ್ಲಿ ಜನ ಮನೆಗೆ ಕಳುಹಿಸಿದರು.

ಅಕ್ಕ: ಭಾವ, ಆ ಚುನಾವಣೆಯ ಹೊತ್ತಿಗೆ ಇಲ್ಲಿ ಸಾವಿರಾರು ಮನೆಗಳ ಗೋಡೆ ಬಿರಿದು ಉದುರುತ್ತಿತ್ತು. ಕಾಂಕ್ರೀಟ್ ಬ್ಲಾಕುಗಳೇ ಕಳಪೆ. ಬ್ಲಾಕಿನಲ್ಲಿದ್ದ ಮೈಕಾ ಎಂಬ ಖನಿಜದ ಹೆಸರಿನಲ್ಲಿ ಮೈಕಾ ಮನೆ ಎಂದರೆ ಇಲ್ಲಿ ಮಕ್ಕಳಿಗೂ ಗೊತ್ತು. ಪೂರ್ತಿ ಪರಿಹಾರ ಕೊಡಿ ಎಂದು ಹೆಸರಲ್ಲೇ ಬರೆದುಕೊಂಡ ಹೊಸ ಪಕ್ಷವೊಂದು ಒಂದು ಸ್ಥಾನ ಗೆದ್ದಿತು. ಸೂರು ಬೀಳುವಾಗ ಯಾರು ತಾನೇ ಸಮುದ್ರದ ಕಡೆ ನೋಡುತ್ತಾರೆ? ನಾನೇ ಬಾಡಿಗೆಗೆ ಹಿಡಿಯುವ ಮೊದಲು ಗೋಡೆಗಳನ್ನೆಲ್ಲ ತಡವಿ ನೋಡಿದ್ದೆ.

ಭಾವ: ಸರಿ. ಆದರೂ ಸೋಲು ಸೋಲೇ.

ದೊಡ್ಡಪ್ಪ: ಹತ್ತು ಜನರಿಗೂ ತಿದ್ದಿ ಕಳುಹಿಸಿದೆ. ಮೊದಲಿನದಕ್ಕೆ ಏಳು ಹೆಬ್ಬೆರಳು ಬಂದಿದ್ದವು. 'ಸೋತ' ಎಂದು ಬರೆದ ಮೇಲೆ ಒಂದೂ ಇಲ್ಲ.

ಅತ್ತೆ: ಗಸಿಯ ವಿಷಯ?