ಠೇವಣಿ ಇಡಲು ಹೋದ ಅಪ್ಪನಿಗೆ ವಿಮೆ ಪಾಲಿಸಿ ಕೊಟ್ಟಿದ್ದಾರೆ: ದೂರು ಯಾರಿಗೆ?

ಪ್ರಶ್ನೆ (ಚನ್ನಗಿರಿಯಿಂದ):
ಅಪ್ಪನಿಗೆ 58 ವರ್ಷ. ಅಡಿಕೆ ಮಾರಿ ಬಂದ 2 ಲಕ್ಷ ರೂಪಾಯಿಯನ್ನು ಠೇವಣಿ ಇಡಲು ಬ್ಯಾಂಕಿಗೆ ಹೋಗಿದ್ದರು. ‘ಇದರಲ್ಲಿ ಬಡ್ಡಿ ಜಾಸ್ತಿ’ ಎಂದು ಹೇಳಿ ನಾಲ್ಕೈದು ಕಡೆ ಸಹಿ ಹಾಕಿಸಿಕೊಂಡಿದ್ದಾರೆ. ಅಂಚೆಯಲ್ಲಿ ಬಂದ ಲಕೋಟೆ ಒಡೆದರೆ ಜೀವ ವಿಮೆ! ಇನ್ನೂ ಒಂಬತ್ತು ವರ್ಷ ಇಷ್ಟೇ ಹಣ ಕಟ್ಟಬೇಕಂತೆ. ಬ್ಯಾಂಕಿನವರು ವಿಮಾ ಕಂಪನಿಯನ್ನು ಕೇಳಿ ಎನ್ನುತ್ತಾರೆ, ಕಂಪನಿಯವರು ಬ್ಯಾಂಕನ್ನು ತೋರಿಸುತ್ತಾರೆ. ಅಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ):
ತಂಗಿ, ಮೊದಲು ಆ ಲಕೋಟೆಯನ್ನು ಜೋಪಾನವಾಗಿ ಇಡಿ, ಅದರ ಮೇಲಿನ ಅಂಚೆ ಮುದ್ರೆ ಬೇಕಾಗುತ್ತದೆ. ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ನಿಮ್ಮ ತಂದೆಯವರಿಗಿದೆ. ಮುದ್ರಾಂಕ ಶುಲ್ಕ, ವೈದ್ಯಕೀಯ ತಪಾಸಣೆಯ ವೆಚ್ಚ, ಅಷ್ಟು ದಿನದ ವಿಮಾ ರಕ್ಷಣೆಯ ಶುಲ್ಕ ಕಳೆದು ಉಳಿದದ್ದು ವಾಪಸ್ ಬರುತ್ತದೆ. ಪಾಲಿಸಿ ಬೇಡವೆಂಬ ಪತ್ರವನ್ನು ವಿಮಾ ಕಂಪನಿಗೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಬ್ಯಾಂಕಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಏನು ಹೇಳಿದರೂ ನಂಬಿ ದಿನ ಕಳೆಯಬೇಡಿ.

ಉತ್ತರ 2:
ಸಹಿ ಹಾಕುವ ಮುನ್ನ ಓದಬೇಕಿತ್ತಲ್ಲವೇ? ಎಲ್ಲದಕ್ಕೂ ಬ್ಯಾಂಕನ್ನು ದೂರಿದರೆ ಹೇಗೆ?

ಉತ್ತರ 1ರವರ ಮರುಮಾತು:
ಸ್ವಾಮಿ, 31 ವರ್ಷ ಕೌಂಟರಿನ ಒಳಗೆ ಕುಳಿತವನು ನಾನು. ಬ್ಯಾಂಕಿನವರು ತೋರಿಸಿದಲ್ಲಿ ರೈತ ಸಹಿ ಹಾಕುವುದು ಅಜ್ಞಾನದಿಂದಲ್ಲ, ನಂಬಿಕೆಯಿಂದ. ಮಾರ್ಚ್ ತಿಂಗಳಲ್ಲಿ ಪ್ರತಿ ಸಂಜೆ ‘ಇಂದು ಎಷ್ಟು ಪಾಲಿಸಿ?’ ಎಂದು ಮೇಲಿನಿಂದ ಫೋನ್ ಬರುತ್ತಿತ್ತು. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ. ವಿಮೆ ಮಾರುವ ಏಜೆಂಟ್ ಎಂಬ ನೆಲೆಯಲ್ಲಿ ಅದೇ ಬ್ಯಾಂಕ್ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೂ ಉತ್ತರ ಕೊಡಬೇಕು. ಇಬ್ಬರ ತಪಾಸಣೆಯೂ ಮೊದಲು ಮುಟ್ಟಬೇಕಾದದ್ದು ಆ ಸಂಜೆಯ ಫೋನನ್ನು. ಕಡತದಲ್ಲಿ ಸಹಿ ಇದೆಯೇ ಎಂದು ನೋಡಿದರೆ ಎಲ್ಲ ಶಾಖೆಯಲ್ಲೂ ಇದ್ದೇ ಇರುತ್ತದೆ.

ತಂಗಿ, ಇನ್ನೊಂದು ವಿಷಯ. ತಂದೆಯವರ ಸಹಿ ಕನ್ನಡದಲ್ಲಿದ್ದರೆ, ಪಾಲಿಸಿಯ ಅರ್ಜಿಯ ಕೊನೆಯಲ್ಲಿ ‘ವಿವರಗಳನ್ನು ಅವರ ಭಾಷೆಯಲ್ಲಿ ತಿಳಿಸಿದ್ದೇನೆ’ ಎಂದು ಯಾರೋ ಬರೆದುಕೊಟ್ಟಿರುತ್ತಾರೆ. ಅದು ಯಾರೆಂದು ನೋಡಿ. ಆದಾಯದ ಅಂಕಣವನ್ನೂ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಬರೆದುಕೊಟ್ಟವರು ಪಾಲಿಸಿ ಮಾಡಿಸಿದ ಉದ್ಯೋಗಿಯೇ. ವಾರ್ಷಿಕ ಆದಾಯ 12 ಲಕ್ಷ ಎಂದಿದೆ! ನಮ್ಮದು ಎರಡು ಎಕರೆ ತೋಟ. ಇಂದಿಗೆ 19ನೆಯ ದಿನ, ಪತ್ರ ಹಾಕಿ ಬಂದೆ. ಕಂಪನಿ ಒಪ್ಪದಿದ್ದರೆ?

ಉತ್ತರ 1:
ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರವೇ ಬಾರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಗ್ರಾಹಕರ ದೂರು ವಿಚಾರಿಸಿ ಬಗೆಹರಿಸುವ ಅಧಿಕಾರಿ ಅವರು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿನ ಮೇಲಿನ ದೂರಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬೇರೆ ಇದ್ದಾರೆ. ಆ ಪಾಲಿಸಿ ಅರ್ಜಿಯ ನಕಲನ್ನು ಎರಡು ಕಡೆಗೂ ಲಗತ್ತಿಸಿ. ಕರಡು ಬರೆದುಕೊಡುವುದು ನನ್ನ ಹೊಣೆ. ತಂದೆಯವರಿಗೆ ಊಟ ಮಾಡಲು ಹೇಳಿ.